ಗೊಬ್ಬರ ಸಿಗದ ಮೆಕ್ಕೆಜೋಳದ ಬೇರು ಅಷ್ಟು ಉದ್ದ ಯಾಕೆ ಹೋಗುತ್ತೆ?

ಬಯಲುಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಕಡೆ. ಕೆಂಪು ಮಣ್ಣು, ಮಳೆ ನಂಬಿದ ಮೆಕ್ಕೆಜೋಳ. ಈ ಸಲ ಮೇಲುಗೊಬ್ಬರದ ಹೊತ್ತಿಗೆ ಸರಿಯಾಗಿ ಯೂರಿಯಾ ಸಿಗಲಿಲ್ಲ. ಹೊಲದ ಒಂದು ಮೂಲೆಯಲ್ಲಿ ಮಾತ್ರ ಪೈರು ಕಡುಹಸಿರು. ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರದ ಗುಡ್ಡೆ ಹಾಕಿದ್ದು ಅಲ್ಲೇ. ಉಳಿದ ಕಡೆ ಕೆಳಗಿನ ಎಲೆಗಳು ತುದಿಯಿಂದ ಶುರುವಾಗಿ ನಡುನರದ ಗುಂಟ ಹಳದಿಯಾಗುತ್ತಾ ಬಂದಿವೆ.

ಎರಡೂ ಕಡೆ ಒಂದೆರಡು ಗಿಡ ಅಗೆದು, ಬಕೆಟ್ ನೀರಿನಲ್ಲಿ ಮಣ್ಣು ತೊಳೆದು ನೋಡಿದೆ. ಹಸಿರು ಗಿಡದ ಬೇರು ಪೊದೆಯಾಗಿದೆ, ಸಣ್ಣ ಸಣ್ಣ ಕವಲು ತುಂಬಾ, ಮಣ್ಣು ಬಿಡಿಸೋದೇ ಕಷ್ಟ. ಹಳದಿ ಗಿಡದಲ್ಲಿ ಬೇರಿನ ಎಳೆ ಕಡಿಮೆ, ಆದರೆ ಒಂದೊಂದೂ ಉದ್ದ. ಸನಿಕೆ ಹೋದಷ್ಟೂ ಕೆಳಗೆ ಇಳಿದಿದೆ, ತುದಿ ಸಿಗಲೇ ಇಲ್ಲ. ಊಟ ಇಲ್ಲದ ಗಿಡ ಸೊರಗಬೇಕು ತಾನೆ? ಬೇರು ಬೆಳೆಸೋದಕ್ಕೆ ಶಕ್ತಿ ಎಲ್ಲಿಂದ ಬಂತು?

ಈಗ ಯೂರಿಯಾ ಸಿಕ್ಕಿದೆ. ಪೈರು ಮೊಣಕಾಲು ದಾಟಿದೆ, ಸೂಲಂಗಿ, ಅಂದರೆ ತುದಿಯ ಗಂಡು ಹೂಗೊಂಚಲು, ಇನ್ನೂ ಹೊರಟಿಲ್ಲ. ಹಾಕಿದರೆ ಪ್ರಯೋಜನ ಇದೆಯಾ, ಅಥವಾ ಕಾಲ ಮೀರಿತಾ?

ರಾಗಿಕಣ

ಸೂಲಂಗಿ ಬಂದಿಲ್ಲ ಅಂದರೆ ಹಾಕಿ. ಯೂರಿಯಾದಲ್ಲಿರೋ ಸಾರಜನಕವನ್ನು ಮೆಕ್ಕೆಜೋಳ ಅತಿ ಬೇಗ ಎಳೆಯೋದು ಮೊಣಕಾಲೆತ್ತರದಿಂದ ಸೂಲಂಗಿ ಬರುವ ತನಕ. ಆದರೆ ಭೂಮಿಯಲ್ಲಿ ಹದ ಇರಬೇಕು. ಒಣ ಮಣ್ಣಿನ ಮೇಲೆ ಎರಚಿ ಸುಮ್ನೆ ಬಿಟ್ಟರೆ ಒಂದಷ್ಟು ಅಮೋನಿಯಾ ಗಾಳಿಯಾಗಿ ಹಾರಿಹೋಗುತ್ತೆ. ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ.

ಬೇರಿನ ವಿಷಯ ಬಲ್ಲವರು ಹೇಳಲಿ, ನನಗೂ ತಿಳಿದುಕೊಳ್ಳಬೇಕು.

ಬೇರುಬಿಳಲು

ಅಣ್ಣ, ಬಹಳ ಚೆನ್ನಾಗಿ ಗಮನಿಸಿದ್ದೀರಿ. ನಾನು ಸಸ್ಯಶಾಸ್ತ್ರ ಓದಿದವಳು, ಬೇರಿನ ಮೇಲೇ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನಿಮ್ಮ ಹೊಲದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಕ್ಕಪಕ್ಕ ನಡೆದಿವೆ.

ಒಂದು, ಇಡೀ ಗಿಡದ ಹಸಿವು. ಎಲೆ ತಯಾರಿಸುವ ಸಕ್ಕರೆ ಮೇಲಕ್ಕೂ ಹೋಗಬೇಕು, ಬೇರಿಗೂ ಇಳಿಯಬೇಕು. ಹೊಸ ಎಲೆ ಕಟ್ಟಲು ಪ್ರೋಟೀನ್ ಬೇಕು, ಪ್ರೋಟೀನಿಗೆ ಸಾರಜನಕ ಬೇಕು. ಅದು ಸಾಲದಾದಾಗ ಮೊದಲು ನಿಧಾನವಾಗೋದು ಎಲೆಯ ಬೆಳವಣಿಗೆ. ಅಲ್ಲಿ ಖರ್ಚಾಗದ ಸಕ್ಕರೆಯಲ್ಲಿ ದೊಡ್ಡ ಪಾಲು ಬೇರಿಗೆ ಇಳಿಯುತ್ತೆ. ನೀವು ಕೇಳಿದ ಶಕ್ತಿ ಬಂದದ್ದು ಅಲ್ಲಿಂದಲೇ. ಹಾಗಂತ ಹಳದಿ ಗಿಡದ ಬೇರು ಒಟ್ಟು ತೂಕದಲ್ಲಿ ಜಾಸ್ತಿ ಅಂದುಕೊಳ್ಳಬೇಡಿ. ಒಣಗಿಸಿ ತೂಗಿದರೆ ಹಸಿರು ಗಿಡದ್ದೇ ಹೆಚ್ಚು ಬರಬಹುದು. ಹಸಿದ ಗಿಡದಲ್ಲಿ ಜಾಸ್ತಿಯಾಗೋದು ಬೇರಿನ ಪಾಲು, ಅಂದರೆ ಮೇಲಿನ ಗಿಡಕ್ಕೆ ಹೋಲಿಸಿದಾಗ ಬೇರು ಎಷ್ಟು ಅನ್ನೋದು.

ಇನ್ನೊಂದು, ಸಾರಜನಕ ಸಿಕ್ಕ ಜಾಗದಲ್ಲಿ ಬೇರು ಮಾಡುವ ಕೆಲಸ. 1970ರ ದಶಕದಲ್ಲಿ ಇಂಗ್ಲೆಂಡಿನ ಮಾಲ್ಕಂ ಡ್ರೂ ಅನ್ನುವವರು ಬಾರ್ಲಿ ಗಿಡದಲ್ಲಿ ಇದನ್ನು ತೋರಿಸಿದರು. ಒಂದೇ ಬೇರನ್ನು ಮೂರು ಅಂಕಣದ ಮೂಲಕ ಹಾಯಿಸಿದರು. ನೈಟ್ರೇಟ್ ಅಂದರೆ ಬೇರು ಹೀರುವ ಸಾರಜನಕದ ಒಂದು ರೂಪ. ಮೇಲೆ ಮತ್ತು ಕೆಳಗೆ ತೀರಾ ತೆಳು ನೈಟ್ರೇಟ್, ನಡುವಿನ ಅಂಕಣಕ್ಕೆ ಮಾತ್ರ ಗಟ್ಟಿ ನೈಟ್ರೇಟ್. ನಡುವಿನ ಭಾಗದಲ್ಲಿ ಮಾತ್ರ ಕವಲು ಬೇರು ಪೊದೆಯಾಗಿ ಬೆಳೆಯಿತು. ಅದೇ ಬೇರಿನ ಮೇಲಿನ ಕೆಳಗಿನ ಭಾಗ ಬೋಳು. ಅಮೋನಿಯಂ ಕೊಟ್ಟಾಗಲೂ ರಂಜಕ ಕೊಟ್ಟಾಗಲೂ ಹೀಗೇ ಆಯಿತು, ಪೊಟ್ಯಾಶ್ ಕೊಟ್ಟಾಗ ಆಗಲಿಲ್ಲ. ಅಂದರೆ ಬೇರಿನ ಪ್ರತಿ ತುಂಡೂ ತಾನಿರುವ ಜಾಗದಲ್ಲಿ ಏನಿದೆ ಅಂತ ನೋಡಿಕೊಂಡು ಕವಲೊಡೆಯುತ್ತೆ.

ಗೊಬ್ಬರದ ಗುಡ್ಡೆ ಇದ್ದ ಮೂಲೆಯಲ್ಲಿ ಬೇರಿಗೆ ಮೇಲ್ಮಣ್ಣಲ್ಲೇ ಎಲ್ಲ ಸಿಕ್ಕಿತು, ಅಲ್ಲೇ ಪೊದೆಯಾಯಿತು. ಉಳಿದ ಕಡೆ ಕವಲೊಡೆಯಲು ಕಾರಣವೇ ಸಿಗಲಿಲ್ಲ, ಹುಡುಕುತ್ತಾ ಕೆಳಗೆ ಇಳಿಯಿತು. ಕೆಳಗೆ ಹೋಗಿದ್ದಕ್ಕೂ ಅರ್ಥ ಇದೆ. ಯೂರಿಯಾ ಮಣ್ಣಲ್ಲಿ ಕೆಲವೇ ದಿನದಲ್ಲಿ ಅಮೋನಿಯಂ ಆಗುತ್ತೆ, ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಜೇಡಿಗೆ ಅಂಟಿಕೊಂಡಿರುತ್ತೆ. ನೈಟ್ರೇಟ್ ಅಂಟಲ್ಲ, ಮಳೆ ನೀರಿನ ಜೊತೆ ಇಳಿದುಹೋಗುತ್ತೆ. ಜಡಿಮಳೆ ಹಿಡಿದರೆ ಮೇಲ್ಮಣ್ಣಿನ ನೈಟ್ರೇಟ್ ಕೆಳಗೆ ಸೇರಿರುತ್ತೆ. ಅದನ್ನು ಹಿಡಿಯಬೇಕಾದರೆ ಬೇರು ಅದರ ಹಿಂದೆ ಹೋಗಲೇಬೇಕು.

ಇದರಲ್ಲಿ ಮಟ್ಟ ಅನ್ನೋದೂ ಇದೆ, ಅದನ್ನು ಬಿಡಬಾರದು. ಕೊರತೆ ಸ್ವಲ್ಪ ಇದ್ದಾಗ ಬೇರು ಉದ್ದವಾಗುತ್ತೆ. ಕೊರತೆ ಬಿಗಿಯಾದರೆ ಕವಲು ಬೇರು ಹುಟ್ಟೋದೇ ನಿಲ್ಲುತ್ತೆ, ಇದ್ದದ್ದೂ ಬೆಳೆಯಲ್ಲ. ಆಗ ಗಿಡ ಹುಡುಕಾಟ ಬಿಟ್ಟು ಇದ್ದುದರಲ್ಲಿ ಜೀವ ಹಿಡಿದುಕೊಳ್ಳುತ್ತೆ. ನಿಮ್ಮ ಗಿಡ ಇನ್ನೂ ಹುಡುಕುವ ಹಂತದಲ್ಲಿದೆ. ಯೂರಿಯಾ ಈಗಲೇ ಹಾಕಿ ಅನ್ನೋದು ಅದಕ್ಕೇ.

ತಾರಸಿತೋಟ

ಅಕ್ಕ, ಒಂದು ಅನುಮಾನ. ಬೇರಿನ ಒಂದು ತುಂಡಿಗೆ ತನ್ನ ಜಾಗ ಗೊತ್ತು ಅಂದಿರಿ. ಆದರೆ ಇಡೀ ಗಿಡ ಹಸಿದಿದೆ ಅಂತ ಆ ತುಂಡಿಗೆ ಹೇಗೆ ತಿಳಿಯುತ್ತೆ? ಹೊಟ್ಟೆ ತುಂಬಿದ ಗಿಡವೂ ಗೊಬ್ಬರ ಸಿಕ್ಕಲ್ಲೆಲ್ಲ ಪೊದೆ ಕಟ್ಟುತ್ತಾ ಹೋದರೆ ದಂಡ ಅಲ್ವಾ?

ಬೇರುಬಿಳಲು

ದಂಡವೇ, ಗಿಡ ಹಾಗೆ ಮಾಡೋದೂ ಇಲ್ಲ. ಇದರ ಉತ್ತರ ನನಗೆ ಬಹಳ ಇಷ್ಟವಾದ ಭಾಗ.

2014ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಇದನ್ನು ಬಿಡಿಸಿಟ್ಟಿತು. ಪ್ರಯೋಗ ಅರಾಬಿಡಾಪ್ಸಿಸ್ ಅನ್ನೋ ಗಿಡದ ಮೇಲೆ, ಸಾಸಿವೆ ಜಾತಿಯ ಪುಟ್ಟ ಕಳೆ ಅದು. ಬೇರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನೈಟ್ರೇಟ್ ಕೊಟ್ಟು ಇನ್ನೊಂದನ್ನು ಉಪವಾಸ ಕೆಡವಿದರು. ಉಪವಾಸ ಬಿದ್ದ ಬೇರು ಸಿಇಪಿ ಅನ್ನೋ ಪುಟ್ಟ ಪೆಪ್ಟೈಡನ್ನು, ಅಂದರೆ ಪ್ರೋಟೀನಿನಂಥ ಸಣ್ಣ ತುಣುಕನ್ನು, ತಯಾರಿಸುತ್ತೆ. ಅದು ನೀರು ಏರುವ ಕೊಳವೆಯಲ್ಲಿ ಎಲೆಗೆ ಹೋಗುತ್ತೆ. ಎಲೆಯಲ್ಲಿ ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನ್ ಇದೆ. ಎಲೆ ಆಗ ಇನ್ನೊಂದು ಸಂಕೇತವನ್ನು ಸಕ್ಕರೆ ಇಳಿಯುವ ಕೊಳವೆಯಲ್ಲಿ ಬೇರಿಗೆ ಕಳಿಸುತ್ತೆ. ಈ ಇಳಿಯುವ ಸಂಕೇತವನ್ನು ಅದೇ ತಂಡ 2017ರಲ್ಲಿ ಗುರುತಿಸಿತು.

ಎಲೆಯ ಮಾತು ಎಲ್ಲ ಬೇರಿಗೂ ತಲುಪುತ್ತೆ. ಆದರೆ ಜೋರು ಕೆಲಸ ಶುರುವಾಗೋದು ಪಕ್ಕದಲ್ಲಿ ನೈಟ್ರೇಟ್ ಇರುವ ಬೇರಿನಲ್ಲಿ. ಅಲ್ಲಿ ನೈಟ್ರೇಟ್ ಎಳೆಯುವ ಬಾಗಿಲುಗಳು ಜಾಸ್ತಿಯಾಗುತ್ತವೆ. ಹಸಿದದ್ದು ಒಂದು ಬೇರು, ಅದರ ಪರವಾಗಿ ದುಡಿಯೋದು ಇನ್ನೊಂದು ಬೇರು, ನಡುವೆ ಸುದ್ದಿ ಮುಟ್ಟಿಸೋದು ಎಲೆ. ನರಮಂಡಲ ಇಲ್ಲದ ಜೀವಿಯೊಂದು ಇಷ್ಟು ಲೆಕ್ಕ ಇಡುತ್ತಲ್ಲ ಅಂತ ನನಗೆ ಪ್ರತಿ ಸಲವೂ ಬೆರಗಾಗುತ್ತೆ.

ಜಾಗದ ಸುದ್ದಿಗೂ ಪ್ರತ್ಯೇಕ ಏರ್ಪಾಡಿದೆ. ಎನ್‌ಆರ್‌ಟಿ 1.1 ಅನ್ನೋ ಪ್ರೋಟೀನ್ ಬೇರಿನ ಪೊರೆಯಲ್ಲಿ ಕೂತಿರುತ್ತೆ. ನೈಟ್ರೇಟನ್ನು ಒಳಗೆ ಬಿಡುವ ಬಾಗಿಲು ಅದು. ಇದರ ಜೀನ್ ಮೊದಲು ಸಿಕ್ಕಿದ್ದು ಕಳೆನಾಶಕದ ದಾರಿಯಲ್ಲಿ. ಕ್ಲೋರೇಟ್ ಅನ್ನೋ ವಿಷ ನೈಟ್ರೇಟಿನ ಬಾಗಿಲಿನಿಂದಲೇ ಗಿಡದ ಒಳಗೆ ನುಗ್ಗುತ್ತೆ. ಆ ವಿಷಕ್ಕೆ ಸಾಯದ ಗಿಡಗಳಲ್ಲಿ ಬಾಗಿಲೇ ಕೆಟ್ಟಿತ್ತು. ಆ ಬಾಗಿಲಿನ ಜೀನನ್ನು 1993ರಲ್ಲಿ ಗುರುತಿಸಿದರು. ಮುಂದೆ 2009ರಲ್ಲಿ, ಇದು ಬರೀ ಬಾಗಿಲಲ್ಲ, ಹೊರಗೆ ಎಷ್ಟು ನೈಟ್ರೇಟ್ ಇದೆ ಅಂತ ಅಳೆದು ಒಳಗೆ ತಿಳಿಸುತ್ತೆ ಅಂತ ಗೊತ್ತಾಯಿತು. 2010ರಲ್ಲಿ ಫ್ರಾನ್ಸಿನ ತಂಡ ಇನ್ನೊಂದು ತೋರಿಸಿತು. ನೈಟ್ರೇಟ್ ಇಲ್ಲದಾಗ ಇದೇ ಪ್ರೋಟೀನ್ ಹುಟ್ಟುತ್ತಿರುವ ಕವಲು ಬೇರಿನಿಂದ ಆಕ್ಸಿನ್ ಹಾರ್ಮೋನನ್ನು ಹೊರಗೆ ಸಾಗಿಸುತ್ತೆ. ಆಕ್ಸಿನ್ ಇಲ್ಲದೆ ಕವಲು ಮುಂದೆ ಬೆಳೆಯಲ್ಲ. ನೈಟ್ರೇಟ್ ಬಂತೋ, ಸಾಗಣೆ ನಿಲ್ಲುತ್ತೆ, ಆಕ್ಸಿನ್ ಅಲ್ಲೇ ಉಳಿಯುತ್ತೆ, ಕವಲು ಹೊರಬರುತ್ತೆ.

ಇವೆಲ್ಲ ಹೆಚ್ಚಾಗಿ ಅರಾಬಿಡಾಪ್ಸಿಸ್‌ನಲ್ಲಿ ಕಂಡದ್ದು. ಇಂಥವೇ ಜೀನ್‌ಗಳು ಭತ್ತ, ಮೆಕ್ಕೆಜೋಳದಲ್ಲೂ ಇವೆ. ಆದರೆ ಅಲ್ಲಿ ಬೇರಿನ ಬಗೆಗಳೇ ಬೇರೆ. ಮೆಕ್ಕೆಜೋಳದಲ್ಲಿ ಬೀಜದಿಂದ ಬರುವ ಬೇರು ಬೇರೆ, ಕಾಂಡದ ಗೆಣ್ಣಿನಿಂದ ಸುತ್ತ ಹೊರಡುವ ಬೇರು ಬೇರೆ. ಹೊಲದಲ್ಲಿ ಕೊನೆತನಕ ದುಡಿಯೋದು ಹೆಚ್ಚಾಗಿ ಈ ಗೆಣ್ಣು ಬೇರುಗಳು.

ಬಯಲುಹೊಲ

ಅಕ್ಕ, ನಾನು ಹೇಳಿದ್ದು ಆ ಗೆಣ್ಣು ಬೇರುಗಳ ವಿಷಯವೇ. ಹಳದಿ ಗಿಡದಲ್ಲಿ ಅವು ಎಣಿಕೆಯಲ್ಲೇ ಕಡಿಮೆ. ಹಸಿದಾಗ ಜಾಸ್ತಿ ಬೇರು ಬಿಡೋದು ಸರಿ ಅಲ್ವಾ? ಕಡಿಮೆ ಯಾಕೆ ಮಾಡಿಕೊಳ್ಳುತ್ತೆ?

ಅಂದ ಹಾಗೆ ನಿನ್ನೆ ಒಳ್ಳೆಯ ಮಳೆ ಬಂತು. ಯೂರಿಯಾ ಹಾಕಿ ಎಡೆಕುಂಟೆ ಹೊಡೆಸಿದ್ದೇನೆ.

ಬೇರುಬಿಳಲು

ಬೇರು ಬೆಳೆಸೋದು, ಬೆಳೆದದ್ದನ್ನು ಜೀವಂತ ಇಡೋದು, ಎರಡಕ್ಕೂ ಖರ್ಚಿದೆ. ಬೇರು ಉಸಿರಾಡುತ್ತೆ, ಸಕ್ಕರೆ ಸುಡುತ್ತೆ. ಬೇರು ಕಟ್ಟಲಿಕ್ಕೂ ಸಾರಜನಕವೇ ಬೇಕು. ಇಪ್ಪತ್ತು ಬೇರಿಗೆ ಹಂಚಿದರೆ ಒಂದೂ ಆಳಕ್ಕೆ ಹೋಗಲ್ಲ. ಕೆಲವಕ್ಕೇ ಕೊಟ್ಟರೆ ಅವು ದೂರ ಹೋಗುತ್ತವೆ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜೊನಾಥನ್ ಲಿಂಚ್ 2013ರಲ್ಲಿ ಮೆಕ್ಕೆಜೋಳಕ್ಕೆ ಆದರ್ಶ ಬೇರು ಹೇಗಿರಬೇಕು ಅಂತ ಒಂದು ಪ್ರಸ್ತಾಪ ಇಟ್ಟರು. ಬೇರು ಕಡಿದಾಗಿ ಇಳಿಯಬೇಕು, ಅಗ್ಗವಾಗಿರಬೇಕು, ಆಳಕ್ಕೆ ಹೋಗಬೇಕು. ಗೆಣ್ಣು ಬೇರು ಕಡಿಮೆ ಇರುವ ತಳಿಗಳು ಸಾರಜನಕ ಕಡಿಮೆ ಇರುವ ಮಣ್ಣಲ್ಲಿ ಹೆಚ್ಚು ಆಳಕ್ಕೆ ಇಳಿದು ಹೆಚ್ಚು ಸಾರಜನಕ ಹಿಡಿದವು ಅಂತ ಅವರ ಗುಂಪು ಮುಂದಿನ ವರ್ಷವೇ ತೋರಿಸಿತು. ಕವಲು ಬೇರೂ ಹಾಗೆಯೇ. ಒತ್ತೊತ್ತಾಗಿ ಗಿಡ್ಡ ಕವಲು ಬಿಡುವ ತಳಿಗಿಂತ, ವಿರಳವಾಗಿ ಉದ್ದ ಕವಲು ಬಿಡುವ ತಳಿ ಗೆದ್ದಿತು. ನೈಟ್ರೇಟ್ ನೀರಿನ ಜೊತೆ ಸುಲಭವಾಗಿ ಹರಿದು ಬೇರಿನ ಹತ್ತಿರ ಬರುತ್ತೆ. ಹಾಗಾಗಿ ಒತ್ತೊತ್ತಾಗಿರುವ ಕವಲುಗಳು ಒಂದರ ಪಾಲನ್ನು ಇನ್ನೊಂದು ತಿನ್ನುತ್ತವೆ, ಹೊಸದೇನೂ ಸಿಗಲ್ಲ.

ಒಂದು ಕೆಲಸ ಮಾಡಿ. ಹಳದಿ ಗಿಡದ ಗೆಣ್ಣು ಬೇರೊಂದನ್ನು ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಕೊಯ್ದು ಬೆಳಕಿಗೆ ಹಿಡಿದು ನೋಡಿ, ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಸಿಪ್ಪೆ ಮತ್ತು ನಡುವಿನ ದಿಂಡಿನ ಮಧ್ಯೆ ಖಾಲಿ ಕಿಂಡಿಗಳು ಕಾಣಬಹುದು. ಅಲ್ಲಿದ್ದ ಜೀವಕೋಶಗಳನ್ನು ಗಿಡವೇ ಸಾಯಿಸಿ ಗಾಳಿ ತುಂಬಿಸಿರುತ್ತೆ. ನೀರು ನಿಂತ ಹೊಲದಲ್ಲಿ ಇದಾಗೋದು ಹಳೆಯ ವಿಷಯ. ನೀರು ನಿಲ್ಲದಿದ್ದರೂ ಸಾರಜನಕ ಇಲ್ಲವೇ ರಂಜಕದ ಕೊರತೆಗೇ ಮೆಕ್ಕೆಜೋಳದಲ್ಲಿ ಹೀಗಾಗುತ್ತೆ ಅಂತ 1989ರಲ್ಲಿ ವರದಿ ಮಾಡಿದ್ದು ಅದೇ ಮಾಲ್ಕಂ ಡ್ರೂ ಮತ್ತು ಸಂಗಡಿಗರು. ಉಣ್ಣುವ ಬಾಯಿ ಕಡಿಮೆ ಮಾಡಿಕೊಂಡ ಮನೆಯ ಹಾಗೆ, ಅಷ್ಟೇ ಉದ್ದದ ಬೇರು ಕಡಿಮೆ ಸಕ್ಕರೆಯಲ್ಲಿ ಬದುಕುತ್ತೆ. ಸತ್ತ ಕೋಶದ ಸಾರಜನಕವೂ ಬೇರೆ ಕಡೆ ಬಳಕೆಗೆ ಬರುತ್ತೆ.

ಯೂರಿಯಾ ಹಾಕಿದ್ದು ಒಳ್ಳೆಯದಾಯಿತು.

ಎರೆಭೂಮಿ

ವಿಜಯಪುರ ಕಡೆಯವನು ನಾನು. ನಮ್ಮಲ್ಲಿ ಹಿಂಗಾರಿ ಜೋಳ, ಮಾಲದಂಡಿ ಅನ್ನೋ ಹಳೆಯ ತಳಿ. ಎರೆ ಮಣ್ಣಲ್ಲಿ ಮುಂಗಾರಿನ ತೇವ ಕೆಳಗೆ ಇರುತ್ತೆ, ಮೇಲ್ಮಣ್ಣು ಒಣಗುತ್ತಾ ಬರುತ್ತೆ. ಮೇಲೆ ಯೂರಿಯಾ ಎರಚಿದರೆ ಅದು ಒಣ ಮಣ್ಣಲ್ಲೇ ಕೂತಿರುತ್ತೆ, ಬೇರಿಗೆ ಸಿಗಲ್ಲ. ಅದಕ್ಕೇ ಬಿತ್ತುವಾಗಲೇ ಕೂರಿಗೆಯಲ್ಲಿ ಬೀಜದ ಪಕ್ಕ ಸ್ವಲ್ಪ ಆಳಕ್ಕೆ ಗೊಬ್ಬರ ಇಳಿಸೋದು ನಮ್ಮ ಪದ್ಧತಿ.

ನನ್ನ ಅಭಿಪ್ರಾಯ ಒಂದಿದೆ. ಹಳೆಯ ತಳಿಗಳು ಗೊಬ್ಬರ ಕಾಣದೆ ಬೆಳೆದವು, ಅವಕ್ಕೆ ಹುಡುಕುವ ಬೇರು ಇತ್ತು. ಈಗಿನ ಹೈಬ್ರಿಡ್‌ಗಳನ್ನು ಗೊಬ್ಬರ ಸುರಿದ ಹೊಲದಲ್ಲಿ ಆರಿಸಿದ್ದಾರೆ, ಅವಕ್ಕೆ ಹಸಿವೇ ಗೊತ್ತಿಲ್ಲ. ಕೊರತೆ ಬಂದರೆ ಕೈಚೆಲ್ಲುತ್ತವೆ.

ರಾಗಿಕಣ

ಎರೆಭೂಮಿಯವರ ಮಾತಿಗೆ ನನ್ನ ಮತವೂ ಇದೆ.

ಬೇರುಬಿಳಲು

ಎರೆಭೂಮಿ ಸರ್, ಗೋಧಿಯಲ್ಲಿ ನೀವು ಹೇಳಿದ್ದಕ್ಕೆ ಪುರಾವೆ ಇದೆ. ಹಸಿರು ಕ್ರಾಂತಿಯ ಕೆಲವು ಗಿಡ್ಡ ತಳಿಗಳ ಬೇರು ಹಳೆಯ ನಾಟಿ ತಳಿಗಳ ಬೇರಿಗಿಂತ ಚಿಕ್ಕದು ಅಂತ ಅಳೆದು ತೋರಿಸಿದ್ದಾರೆ. ಆದರೆ ಎಲ್ಲ ಬೆಳೆಗೂ ಇದನ್ನು ಹಚ್ಚಲು ನಾನು ಒಪ್ಪಲಾರೆ. ಅಮೆರಿಕದಲ್ಲಿ ಸುಮಾರು 100 ವರ್ಷಗಳ ಮೆಕ್ಕೆಜೋಳ ತಳಿಗಳನ್ನು ಒಟ್ಟಿಗೆ ಬೆಳೆಸಿ ಬೇರು ಅಳೆದರು, 2015ರಲ್ಲಿ ಪ್ರಕಟವಾಯಿತು. ಹೊಸ ತಳಿಗಳಲ್ಲಿ ಗೆಣ್ಣು ಬೇರು ಕಡಿಮೆ, ಕವಲು ಶುರುವಾಗೋದು ದೂರದಲ್ಲಿ. ಸಾರಜನಕದ ಕೊರತೆಯನ್ನು ತಡೆದುಕೊಂಡದ್ದೂ ಹೊಸ ತಳಿಗಳೇ. ಒತ್ತೊತ್ತಾಗಿ ಬಿತ್ತಿದ ಹೊಲದಲ್ಲಿ ಪ್ರತಿ ಗಿಡವೂ ಪಕ್ಕದ ಗಿಡದ ಜೊತೆ ಸೆಣಸಬೇಕು. ಅಂಥ ಹೊಲದಲ್ಲಿ ಇಳುವರಿ ನೋಡಿ ಆರಿಸುತ್ತಾ ಹೋದಾಗ, ಯಾರೂ ಬೇರನ್ನು ನೋಡದೆಯೇ ಬೇರು ಬದಲಾಗಿದೆ. ಇದರಲ್ಲಿ ಲಿಂಚ್ ಅವರ ಚಿತ್ರಕ್ಕೆ ಹೊಂದದ್ದೂ ಒಂದಿದೆ. ಹೊಸ ತಳಿಗಳ ಬೇರಿನ ಕೋನ ಕಡಿದಾಗುವ ಬದಲು ಅಗಲವಾಗಿತ್ತು.

ಅಗಲ ಬೇರೂ ವ್ಯರ್ಥವಲ್ಲ. ರಂಜಕ ನೈಟ್ರೇಟಿನ ಹಾಗೆ ಓಡಾಡಲ್ಲ, ಮೇಲ್ಮಣ್ಣಲ್ಲೇ ಅಂಟಿ ಕೂತಿರುತ್ತೆ. ಅದರ ಕೊರತೆ ಇರುವ ಹೊಲದಲ್ಲಿ ಮೇಲೆ ಹರಡುವ ಬೇರು, ಉದ್ದ ಬೇರುರೋಮ ಗೆಲ್ಲುತ್ತವೆ. ಎರಡೂ ಕೊರತೆ ಇರುವ ಮಣ್ಣಲ್ಲಿ ಯಾವ ಬೇರು ಒಳ್ಳೆಯದು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ.

ನಿಮ್ಮ ಜೋಳದ ಬೇರು ಇನ್ನೊಂದು ಕೆಲಸ ಮಾಡುತ್ತೆ, ಅದನ್ನು ಹೇಳಲೇಬೇಕು. ಜೋಳದ ಬೇರುರೋಮದ ತುದಿಯಿಂದ ಬಂಗಾರದ ಬಣ್ಣದ ಸಣ್ಣ ಎಣ್ಣೆ ಹನಿ ಒಸರುತ್ತೆ. ಅದರಲ್ಲಿ ಸಾರ್ಗೊಲಿಯೋನ್ ಅನ್ನೋ ಪದಾರ್ಥ ಇದೆ. ಅದು ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತೆ. ಸಾರಜನಕ ಅಮೋನಿಯಂ ಆಗಿಯೇ ಬೇರಿನ ಹತ್ತಿರ ಜಾಸ್ತಿ ದಿನ ಉಳಿಯುತ್ತೆ. ಜಪಾನಿನ ತ್ಸುಕುಬಾದ ಜಿರ್ಕಾಸ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗುಂಟೂರು ಸುಬ್ಬಾರಾವ್ ಅವರ ಗುಂಪು ಇದರ ಮೇಲೆ ಬಹಳ ಕೆಲಸ ಮಾಡಿದೆ. 2021ರಲ್ಲಿ ಒಂದು ಕಾಡು ಹುಲ್ಲಿನಿಂದ ಇದೇ ಗುಣವನ್ನು ಗೋಧಿಗೆ ತಂದದ್ದನ್ನೂ ಪ್ರಕಟಿಸಿದರು. ನಮ್ಮ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಮಾಡೋದು ಬಹುಮಟ್ಟಿಗೆ ಇದೇ ಉದ್ದೇಶಕ್ಕೆ, ಜೋಳ ಅದನ್ನು ತಾನೇ ಮಾಡಿಕೊಳ್ಳುತ್ತೆ.

ಎರೆಭೂಮಿ

ಮೆಕ್ಕೆಜೋಳದ ಲೆಕ್ಕ ಒಪ್ಪಿದೆ. ಆದರೆ ಅಲ್ಲಿ ಹೋಲಿಸಿದ್ದು ಅಮೆರಿಕದ ತಳಿ, ಅಮೆರಿಕದ ಮಣ್ಣು. ನಮ್ಮ ಹಿಂಗಾರಿ ಜೋಳದಲ್ಲಿ ಮಾಲದಂಡಿಯನ್ನೂ ಹೊಸ ತಳಿಗಳನ್ನೂ ಪಕ್ಕಪಕ್ಕ ಅಗೆದು ನೋಡುವ ತನಕ ನನ್ನ ಮಾತು ಹಿಂದಕ್ಕೆ ತಗೊಳ್ಳಲ್ಲ. ಜೋಳದ ಎಣ್ಣೆ ಹನಿಯ ವಿಷಯ ಮಾತ್ರ ಇವತ್ತೇ ಕೇಳಿದ್ದು. ತುಂಬಾ ಖುಷಿಯಾಯಿತು.

ಬೇರುಬಿಳಲು

ಅದು ನ್ಯಾಯವಾದ ಮಾತು ಸರ್.

ತುಂಗೆದಡ

ಭತ್ತದವರ ಕಡೆಯಿಂದ ಒಂದು ಪ್ರಶ್ನೆ. ನಮ್ಮ ಗದ್ದೆಯಲ್ಲಿ ಸದಾ ನೀರು. ಸಸಿ ಕಿತ್ತು ನೋಡಿದರೆ ಬೇರೆಲ್ಲ ಮೇಲೇ ಚಾಪೆಯಾಗಿರುತ್ತೆ. ಇಲ್ಲಿ ಆಳದ ಮಾತು ನಡೆಯುತ್ತಾ?

ಬೇರುಬಿಳಲು

ನೀರು ನಿಂತ ಗದ್ದೆಯ ಕಥೆ ಬೇರೆ. ಅಲ್ಲಿ ಮಣ್ಣಿನಲ್ಲಿ ಆಮ್ಲಜನಕ ಇಲ್ಲ, ನೈಟ್ರೇಟ್ ಆಗೋದು ಕಡಿಮೆ. ಆದಷ್ಟನ್ನೂ ಬ್ಯಾಕ್ಟೀರಿಯಾಗಳು ಅನಿಲ ಮಾಡಿ ಬಿಡುತ್ತವೆ. ಭತ್ತದ ಬೇರು ಮುಖ್ಯವಾಗಿ ಹಿಡಿಯೋದು ಅಮೋನಿಯಂ. ಅದು ಜೇಡಿಗೆ ಅಂಟಿ ಮೇಲ್ಪದರದಲ್ಲೇ ಇರೋದರಿಂದ ಮೇಲಿನ ಚಾಪೆ ಬೇರೇ ಅದಕ್ಕೆ ಸರಿ. ಭತ್ತದ ಬೇರಲ್ಲಿ ಗಾಳಿ ಕಿಂಡಿ ಹುಟ್ಟಿನಿಂದಲೇ ಇರುತ್ತೆ. ಅದರಲ್ಲಿ ಇಳಿದ ಆಮ್ಲಜನಕ ಬೇರಿನ ಸುತ್ತ ಸೋರುತ್ತೆ. ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪ ಕಂಡಿರಬಹುದು, ಆ ಆಮ್ಲಜನಕ ಮಣ್ಣಿನ ಕಬ್ಬಿಣಕ್ಕೆ ತಾಗಿ ಆದದ್ದು. ಆ ತೆಳು ಪದರದಲ್ಲಿ ಸ್ವಲ್ಪ ನೈಟ್ರೇಟೂ ತಯಾರಾಗುತ್ತೆ, ಭತ್ತ ಅದನ್ನೂ ಬಿಡಲ್ಲ.

ಮಳೆ ನಂಬಿದ ಏರು ಗದ್ದೆಯಲ್ಲಾದರೆ ಆಳದ ಮಾತು ಬರುತ್ತೆ. 2013ರಲ್ಲಿ ಜಪಾನಿನವರು ಫಿಲಿಪ್ಪೀನ್ಸಿನ ಒಂದು ಏರುನೆಲದ ಭತ್ತದಿಂದ ಡಿಆರ್‌ಒ1 ಅನ್ನೋ ಜೀನನ್ನು ಐಆರ್ 64 ತಳಿಗೆ ತಂದರು. ಬೇರು ಕಡಿದಾಗಿ ಇಳಿಯಿತು, ಬರಕ್ಕೆ ತಡೆಯಿತು.

ರಾಗಿಕಣ

ನಮ್ಮ ತುಮಕೂರು ಕಡೆ ರಾಗಿಯಲ್ಲಿ ಅಕ್ಕಡಿ ಸಾಲು ಇಡುತ್ತೇವೆ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಯೂರಿಯಾ ಜಾಸ್ತಿ ಬಿದ್ದ ಸಾಲಿನಲ್ಲಿ ಅಲಸಂದೆ ಬೇರಲ್ಲಿ ಗಂಟೇ ಇರಲ್ಲ, ಬಡ ಮಣ್ಣಿನ ಕಡೆ ತುಂಬಾ ಗಂಟು. ಇದೂ ಅದೇ ಹಸಿವಿನ ಲೆಕ್ಕವಾ?

ಬೇರುಬಿಳಲು

ಅದೇ ಲೆಕ್ಕ. ದ್ವಿದಳದ ಗಿಡ ಗಂಟಿನ ಮೂಲಕ ಗಾಳಿಯ ಸಾರಜನಕ ಹಿಡಿಯುತ್ತೆ ಅಂತ ಜರ್ಮನಿಯ ಹೆಲ್‌ರೀಗಲ್ 1886ರಲ್ಲೇ ಸಾರಿದ್ದರು. ಆದರೆ ಗಂಟಿನೊಳಗಿನ ಬ್ಯಾಕ್ಟೀರಿಯಾಗೆ ಗಿಡ ಸಕ್ಕರೆ ಕೊಡಬೇಕು. ಮಣ್ಣಲ್ಲೇ ನೈಟ್ರೇಟ್ ಸಿಕ್ಕರೆ ಆ ಖರ್ಚು ಬೇಡ ಅಂತ ಗಿಡ ಗಂಟು ಕಟ್ಟೋದನ್ನು ತಡೆಯುತ್ತೆ. ಹಿಂದೆ ಹೇಳಿದ ಸಿಇಪಿ ಇಲ್ಲೂ ಇದೆ. ಮೆಡಿಕಾಗೊ ಅನ್ನೋ ದ್ವಿದಳ ಗಿಡದಲ್ಲಿ ಅದು ಗಂಟು ಹೆಚ್ಚಿಸುತ್ತೆ, ಕವಲು ಬೇರು ಕಡಿಮೆ ಮಾಡುತ್ತೆ.

ಗಂಟು ಇದ್ದ ಮಾತ್ರಕ್ಕೆ ಕೆಲಸ ನಡೆದಿದೆ ಅಂತಲ್ಲ, ಉಗುರಿನಿಂದ ಸೀಳಿ ನೋಡಿ. ಒಳಗೆ ರಕ್ತದ ಹಾಗೆ ಕೆಂಪು ಇಲ್ಲವೇ ಗುಲಾಬಿ ಇದ್ದರೆ ದುಡಿಯುತ್ತಿದೆ. ಬಿಳುಪು ಇಲ್ಲವೇ ಹಸಿರು ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಮುಗಿದಿದೆ.

ತಾರಸಿತೋಟ

ನಮ್ಮ ಕುಂಡದ ಗಿಡಗಳಿಗೆ ಕಳಿಯದ ಸಗಣಿ, ಒಣ ಎಲೆ ಬೆರೆಸಿದರೆ ಗಿಡ ಹಳದಿಯಾಗುತ್ತೆ. ಗೊಬ್ಬರ ಕೊಟ್ಟರೂ ಹಸಿವೇ?

ಬಯಲುಹೊಲ

ಇದಕ್ಕೆ ನಾನೇ ಹೇಳುತ್ತೇನೆ, ಹೊಲದಲ್ಲಿ ಕಂಡದ್ದು. ಕಳಿಯದ ಕಸ ಸೇರಿಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಲ್ಲಿದ್ದ ಸಾರಜನಕವನ್ನು ಮೊದಲು ತಾವೇ ತಿನ್ನುತ್ತವೆ. ಅವು ಸತ್ತ ಮೇಲಷ್ಟೇ ಗಿಡಕ್ಕೆ ವಾಪಸ್. ಅದಕ್ಕೇ ಚೆನ್ನಾಗಿ ಕಳಿತ ಗೊಬ್ಬರವನ್ನು ಬಿತ್ತುವ ಎರಡು ಮೂರು ವಾರ ಮುಂಚೆ ಹಾಕಿ ಅನ್ನೋದು.

ಅಕ್ಕ, ಬೇರು ಕೊಯ್ದು ನೋಡಿದೆ. ಕಿಂಡಿ ಕಾಣುತ್ತೆ! ಇನ್ನೊಂದೂ ಕಂಡಿತು. ರಸ್ತೆ ಕಡೆಯ ಪಟ್ಟೆಯಲ್ಲೂ ಗಿಡ ಹಳದಿ, ಆದರೆ ಅಲ್ಲಿ ಬೇರು ಆಳಕ್ಕೆ ಹೋಗಿಲ್ಲ. ಒಂದು ಗೇಣು ಇಳಿದು ಅಡ್ಡಕ್ಕೆ ತಿರುಗಿಬಿಟ್ಟಿದೆ. ತುದಿ ದಪ್ಪಗಾಗಿದೆ.

ಬೇರುಬಿಳಲು

ಅಣ್ಣ, ಅದು ಗಟ್ಟಿ ಪದರ ಇರಬೇಕು. ವರ್ಷವರ್ಷ ಒಂದೇ ಆಳಕ್ಕೆ ರೋಟವೇಟರ್ ಹೊಡೆದು, ಮೇಲೆ ಟ್ರ್ಯಾಕ್ಟರ್ ಓಡಾಡಿದ ಕಡೆ ಹೀಗಾಗುತ್ತೆ. ಗಿಡ ಹಸಿವಿನ ಸಂಕೇತ ಕಳಿಸಿದೆ, ಬೇರು ಇಳಿಯಲು ಹೊರಟಿದೆ, ದಾರಿ ಇಲ್ಲ. ಕೆಳಗೆ ತೊಳೆದುಹೋದ ನೈಟ್ರೇಟ್ ಇದ್ದರೂ ಆ ಪಟ್ಟೆಯ ಗಿಡಕ್ಕೆ ಸಿಗಲ್ಲ.

ಖಚಿತ ಮಾಡಿಕೊಳ್ಳಲು ಮಳೆ ಬಂದ ಮಾರನೇ ದಿನ, ಮಣ್ಣು ಹದವಾಗಿದ್ದಾಗ, ಬೆರಳು ದಪ್ಪದ ಚೂಪು ಕಬ್ಬಿಣದ ಸಲಾಕೆಯನ್ನು ನಿಧಾನಕ್ಕೆ ಒತ್ತಿ ನೋಡಿ. ಸುಲಭವಾಗಿ ಇಳಿದು ಒಂದು ಆಳದಲ್ಲಿ ತಟ್ಟನೆ ಬಿಗಿಯಾಗಿ, ದಾಟಿದ ಮೇಲೆ ಮತ್ತೆ ಸಡಿಲವಾದರೆ ಅದು ಗಟ್ಟಿ ಪದರವೇ. ಬೇರೆ ಬೇರೆ ಕಡೆ ಅದೇ ಆಳದಲ್ಲಿ ಸಿಗಬೇಕು. ಒಂದೇ ಕಡೆ ಸಿಕ್ಕರೆ ಕಲ್ಲಿರಬಹುದು.

ಈ ಬೆಳೆಯಲ್ಲಿ ಆ ಪಟ್ಟೆಗೆ ಯೂರಿಯಾ ಇನ್ನೂ ಹಾಕಿಲ್ಲದಿದ್ದರೆ ಒಂದೇ ಸಲ ಹಾಕಬೇಡಿ, ಎರಡು ಕಂತು ಮಾಡಿ. ಬೇರು ಇರೋದು ಮೇಲಿನ ಗೇಣಿನಲ್ಲಿ ಮಾತ್ರ. ಜೋರು ಮಳೆ ಬಂದರೆ ಅಲ್ಲಿಂದ ಇಳಿದುಹೋದ ನೈಟ್ರೇಟನ್ನು ಹಿಡಿಯಲು ಕೆಳಗೆ ಯಾರೂ ಇಲ್ಲ. ಎರಡನೇ ಕಂತು ಸೂಲಂಗಿ ಕಾಣುವ ಮೊದಲೇ ಮುಗಿಯಲಿ. ಮುಂದಿನ ಬೇಸಿಗೆಯಲ್ಲಿ, ಮಣ್ಣು ಒಣಗಿದ್ದಾಗ, ಗಟ್ಟಿ ಪದರ ಸೀಳುವ ಚಿಸೆಲ್ ನೇಗಿಲು ಹೊಡೆಸಿ. ಹಸಿ ಇದ್ದಾಗ ಹೊಡೆದರೆ ಪದರ ಒಡೆಯಲ್ಲ, ಬರೀ ಗೀರು ಬೀಳುತ್ತೆ. ಆಮೇಲೆ ಆ ಪಟ್ಟೆಯಲ್ಲಿ ತೊಗರಿ ಸಾಲು ಹಾಕಿ. ಅದರ ತಾಯಿಬೇರು ಇಳಿದ ದಾರಿಯಲ್ಲಿ ಮುಂದಿನ ವರ್ಷದ ಮೆಕ್ಕೆಜೋಳದ ಬೇರೂ ಇಳಿಯುತ್ತೆ.

ಎರೆಭೂಮಿ

ಚಿಸೆಲ್ ನೇಗಿಲು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತೆ, ವಿಚಾರಿಸಿ. ಸಲಾಕೆ ಬಿಗಿಯಾದ ಆಳ ಮೊದಲು ಅಳೆದುಕೊಂಡು ಹೋಗಿ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಮೊನೆ ಇಳಿಯಬೇಕು ಅಂತ ಟ್ರ್ಯಾಕ್ಟರಿನವರಿಗೆ ಹೇಳಿ.